ಬರಿದಾಗುತ್ತಿರುವ ತೊಟ್ಟಿಲು ಮತ್ತು ಅವಿವಾಹಿತ ತಾಯಿ



ಈ ಅಂಕಣದಲ್ಲಿ ನಾವು ಸಾಧಾರಣವಾಗಿ ಆಲೂಗಡ್ಡೆಯ ಅಂಗಮಾರಿ ರೋಗ, ಟೀ ಎಲೆಯ ಬೆಲೆ, ಹೆಂಗಸರ ರಕ್ತಹೀನತೆ ಇಂಥ ವಿಷಯಗಳನ್ನು ಎತ್ತಿಕೊಳ್ಳುತ್ತೇವೆ. ಈ ಸಲದ ವಿಷಯವನ್ನು ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ, ಆದರೆ ಮನೆಯೊಳಗೆ ಪಿಸುಮಾತಿನಲ್ಲಿ ಆಡದವರೂ ಇಲ್ಲ. ಮದುವೆಯಾಗದೆ ತಾಯಿಯಾಗುವುದು, ಅದರಿಂದ ದೇಶದ ಜನಸಂಖ್ಯೆಗೆ ಆಗುವ ಪರಿಣಾಮ, ಅಂಥ ತಾಯಿ ಮಗುವಿನ ವಿಷಯದಲ್ಲಿ ನಮ್ಮ ಕರ್ತವ್ಯ, ಈ ಮೂರನ್ನು ಕುರಿತು ನಮ್ಮ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮಲ್ಲಿ ವಯಸ್ಸಾದವರಿಗೆ ಗೋಡೆಗಳ ಮೇಲಿನ ಕೆಂಪು ತ್ರಿಕೋನ ನೆನಪಿರಬೇಕು. ನಾವಿಬ್ಬರು ನಮಗಿಬ್ಬರು ಎಂದು ಸರ್ಕಾರ ಸಾರಿದ ಕಾಲ ಅದು. ಈಗ ಗಾಳಿ ತಿರುಗಿದೆ. 2024ರ ಅಕ್ಟೋಬರ್‌ನಲ್ಲಿ ಆಂಧ್ರದ ಮುಖ್ಯಮಂತ್ರಿ ಸ್ಥಾನದಿಂದ ಚಂದ್ರಬಾಬು ನಾಯ್ಡು ಅವರು ಹೆಚ್ಚು ಮಕ್ಕಳನ್ನು ಪಡೆಯಿರಿ ಎಂದರು. ಅದೇ ತಿಂಗಳು ತಮಿಳುನಾಡಿನ ಮುಖ್ಯಮಂತ್ರಿ ಸ್ಥಾನದಿಂದ ಎಂ.ಕೆ. ಸ್ಟಾಲಿನ್ ಅವರು ಒಂದು ಸಾಮೂಹಿಕ ವಿವಾಹದಲ್ಲಿ ಹದಿನಾರು ಮಕ್ಕಳ ಮಾತನ್ನು ತಮಾಷೆಯಾಗಿ ಎತ್ತಿದರು. ಇದರ ಬೆನ್ನಿಗೇ ಇನ್ನೆರಡು ಮಾತುಗಳು ಕೇಳಿಬರುತ್ತಿವೆ. ಓದಿದ ಯುವಕರು, ಪರದೇಶಗಳಲ್ಲಿ ಮದುವೆಯ ಕಟ್ಟು ಸಡಿಲವಾದದ್ದರಿಂದಲೇ ಮಕ್ಕಳು ಹುಟ್ಟುತ್ತಿದ್ದಾರೆ, ನಮಗೂ ಅದೇ ದಾರಿ ಎನ್ನುತ್ತಾರೆ. ಹಿರಿಯರು, ಇಂಥ ಮಕ್ಕಳು ಹೆಚ್ಚಿದರೆ ದೇಶವೇ ಕೆಡುತ್ತದೆ ಎನ್ನುತ್ತಾರೆ. ಅಂಕಿ ಅಂಶಗಳನ್ನು ನೋಡಿದರೆ ಎರಡೂ ಮಾತು ನಿಲ್ಲುವುದಿಲ್ಲ.

ಬಿತ್ತನೆ ಗಡ್ಡೆಯ ಲೆಕ್ಕ

ಒಬ್ಬ ಹೆಂಗಸು ತನ್ನ ಜೀವಮಾನದಲ್ಲಿ ಸರಾಸರಿ ಎಷ್ಟು ಮಕ್ಕಳನ್ನು ಹೆರುತ್ತಾಳೆ ಎಂಬುದನ್ನು ಒಟ್ಟು ಫಲವತ್ತತೆ ದರ ಎನ್ನುತ್ತಾರೆ. ಇದು 2.1 ಇದ್ದರೆ ಜನಸಂಖ್ಯೆ ಕಾಲಕ್ರಮದಲ್ಲಿ ಏರದೆ ಇಳಿಯದೆ ನಿಲ್ಲುತ್ತದೆ. ಆಲೂಗಡ್ಡೆ ಬೆಳೆಯುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಈ ಬೆಳೆಯಿಂದ ಮುಂದಿನ ಬೆಳೆಗೆ ಬೇಕಾದಷ್ಟು ಬಿತ್ತನೆ ಗಡ್ಡೆ ತೆಗೆದಿಡದಿದ್ದರೆ ಮುಂದಿನ ಸಲ ಹೊಲದ ಒಂದು ಮೂಲೆ ಖಾಲಿ ಬೀಳುತ್ತದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992-93ರಲ್ಲಿ ಭಾರತದ ದರ 3.4 ಇತ್ತು. 2019-21ರಲ್ಲಿ ಅದು 2.0ಕ್ಕೆ ಇಳಿಯಿತು. ತಮಿಳುನಾಡಿನಲ್ಲಿ 1.8, ಕರ್ನಾಟಕದಲ್ಲಿ 1.7. ಇಲ್ಲಿ ಒಂದು ಸಂಗತಿಯನ್ನು ಗಮನಿಸಿರಿ. ನಮ್ಮ ದೇಶದಲ್ಲಿ ಹೆಚ್ಚುಕಡಿಮೆ ಎಲ್ಲ ಹೆರಿಗೆಗಳೂ ಮದುವೆಯಾದವರವೇ. ಆದ್ದರಿಂದ ಈ ಏರಿಳಿತವೆಲ್ಲ ನಡೆದದ್ದು ಸಂಸಾರಗಳ ಒಳಗೇ. ಮದುವೆಯಾಚೆ ಹುಟ್ಟಿದ ಮಕ್ಕಳು ಈ ಲೆಕ್ಕವನ್ನು ಏರಿಸಿದ್ದೂ ಇಲ್ಲ, ಇಳಿಸಿದ್ದೂ ಇಲ್ಲ.

ನಮ್ಮ ನೀಲಗಿರಿಯನ್ನೇ ನೋಡೋಣ. 2001ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 7,62,141. 2011ರಲ್ಲಿ ಅದು 7,35,394. ಹತ್ತು ವರ್ಷಗಳಲ್ಲಿ ಬೆಳೆಯಬೇಕಾದ ಜಿಲ್ಲೆ ಸುಮಾರು 27 ಸಾವಿರ ಜನರನ್ನು ಕಳೆದುಕೊಂಡಿತು. ಕಾರಣ ಎಲ್ಲರಿಗೂ ಗೊತ್ತಿದೆ. 1990ರ ದಶಕದ ಕೊನೆಯಲ್ಲಿ ಟೀ ಎಲೆಯ ಬೆಲೆ ಕುಸಿದ ಮೇಲೆ ಸಣ್ಣ ಬೆಳೆಗಾರರ ಮಕ್ಕಳು ಕೊಯಮತ್ತೂರು, ತಿರುಪ್ಪೂರು, ಬೆಂಗಳೂರು ಎಂದು ಗಂಟು ಕಟ್ಟಿದರು. ಉಳಿದವರು ತಡವಾಗಿ ಮದುವೆಯಾಗಿ ಒಂದೋ ಎರಡೋ ಮಕ್ಕಳಿಗೆ ಸಾಕೆಂದರು. ಇಂದು ಎಷ್ಟೋ ತೋಟಗಳಲ್ಲಿ ಎಲೆ ಕೊಯ್ಯುವ ಕೈಗಳು ಜಾರ್ಖಂಡ್, ಅಸ್ಸಾಂ ಕಡೆಯಿಂದ ಬಂದವರದು.

ಬೆಟ್ಟದ ಕೆಳಗಿನ ಕರ್ನಾಟಕದಲ್ಲಿಯೂ ಸ್ಥಿತಿ ಬೇರೆಯಲ್ಲ. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ಯುವ ರೈತರು, ತಮಗೆ ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದರು. ಸುದ್ದಿ ಓದಿ ನಕ್ಕವರು ಬಹಳ ಮಂದಿ. ಅದು ನಗುವ ವಿಷಯವಲ್ಲ. ಹೊಲ ನಂಬಿದವನಿಗೆ ಮನೆ ಕಟ್ಟಿಕೊಳ್ಳುವುದು ಕಷ್ಟವಾದಾಗ ತೊಟ್ಟಿಲು ಬರಿದಾಗುತ್ತದೆ.

ಪರದೇಶಗಳ ಮಾತು

ಇನ್ನು ಯುವಕರ ವಾದಕ್ಕೆ ಬರೋಣ. ಫ್ರಾನ್ಸಿನಲ್ಲಿ ಹುಟ್ಟುವ ನೂರು ಮಕ್ಕಳಲ್ಲಿ 60ಕ್ಕೂ ಹೆಚ್ಚು ಮಕ್ಕಳ ತಂದೆತಾಯಿ ಮದುವೆಯಾದವರಲ್ಲ. ಅಲ್ಲಿನ ಫಲವತ್ತತೆ ದರ ಯುರೋಪಿನಲ್ಲಿ ಬಹಳ ಕಾಲ ಮೇಲಿತ್ತು ನಿಜ. ಆದರೆ ಅದೂ 2024ರಲ್ಲಿ ಸುಮಾರು 1.6ಕ್ಕೆ ಇಳಿದಿದೆ. ಸ್ವೀಡನ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಮದುವೆಯಾಚೆ ಹುಟ್ಟುತ್ತಾರೆ, ದರ 2023ರಲ್ಲಿ 1.45. ದಕ್ಷಿಣ ಅಮೆರಿಕದ ಚಿಲಿಯಲ್ಲಿ ನೂರಕ್ಕೆ 70ಕ್ಕೂ ಮೀರಿ ಅಂಥ ಹೆರಿಗೆಗಳು, ಆದರೆ ದರ 2023ರಲ್ಲೇ 1.2ರ ಆಸುಪಾಸಿಗೆ ಬಿದ್ದಿತ್ತು. ಇನ್ನೊಂದು ಕಡೆ ಜಪಾನಿನಲ್ಲಿ ಮದುವೆಯಾಚೆ ಹುಟ್ಟುವವರು ನೂರಕ್ಕೆ ಎರಡು ಮೂರು ಮಕ್ಕಳು ಮಾತ್ರ, ದರ 2023ರಲ್ಲಿ 1.20. ಮದುವೆಯ ಕಟ್ಟು ಸಡಿಲವಾದ ಚಿಲಿಯೂ ಬಿಗಿಯಾದ ಜಪಾನೂ ಒಂದೇ ಹಳ್ಳಕ್ಕೆ ಬಂದು ನಿಂತಿವೆ.

ಫ್ರಾನ್ಸ್, ಸ್ವೀಡನ್‌ಗಳ ಈ ಮಕ್ಕಳನ್ನು ಕುರಿತು ಇನ್ನೊಂದು ತಿಳುವಳಿಕೆ ಅಗತ್ಯ. ಅವರಲ್ಲಿ ಹೆಚ್ಚಿನವರು ಒಂಟಿ ತಾಯಿಯ ಮಕ್ಕಳಲ್ಲ. ತಂದೆತಾಯಿ ಒಂದೇ ಮನೆಯಲ್ಲಿ ಬಾಳುತ್ತಾರೆ, ಮದುವೆಯ ದಾಖಲೆ ಮಾತ್ರ ಇಲ್ಲ. ಸರ್ಕಾರವೂ ಮಗುವಿಗೆ ಕೊಡುವ ಸವಲತ್ತನ್ನು ಆ ಕಾರಣಕ್ಕೆ ಕಡಿಮೆ ಮಾಡುವುದಿಲ್ಲ. ಮದುವೆಯನ್ನು ಸಂಸ್ಕಾರವೆಂದು ನಂಬುವ ನಾವು ಆ ಬದುಕಿನ ರೀತಿಯನ್ನು ಒಪ್ಪುವುದಿಲ್ಲ. ಆದರೂ ಅದನ್ನು ನಮ್ಮ ಹಟ್ಟಿಯ ಕೈಬಿಟ್ಟ ಹುಡುಗಿಯ ಕಥೆಗೆ ಹೋಲಿಸುವುದು ಸರಿಯಲ್ಲ. ಹೆಸರು ಒಂದೇ ಇದ್ದರೂ ಎರಡೂ ಬೇರೆ ಬೇರೆ.

ತಾಯಿಯನ್ನು ದಂಡಿಸಿದ ನಾಡುಗಳು

ದಕ್ಷಿಣ ಕೊರಿಯಾದ ಕಥೆಯಲ್ಲಿ ನಮಗೆ ಹೆಚ್ಚಿನ ಪಾಠವಿದೆ. 1950ರ ದಶಕದ ಯುದ್ಧದ ನಂತರ ಆ ದೇಶ ಸುಮಾರು ಎರಡು ಲಕ್ಷ ಮಕ್ಕಳನ್ನು ಪರದೇಶಗಳಿಗೆ ದತ್ತು ಕೊಟ್ಟಿತು. ಮೊದಮೊದಲು ಹೋದವರು ಯುದ್ಧದ ಅನಾಥರು. ಅನಂತರದ ವರ್ಷಗಳಲ್ಲಿ ಹೋದವರಲ್ಲಿ ಬಹುಪಾಲು ಅವಿವಾಹಿತ ತಾಯಂದಿರ ಮಕ್ಕಳು. ಮನೆತನದ ಮಾನ ಉಳಿಯಬೇಕು, ಮಗು ಕಣ್ಣಿಗೆ ಬೀಳಬಾರದು, ಇಷ್ಟೇ ಯೋಚನೆ. 2025ರ ಮಾರ್ಚ್‌ನಲ್ಲಿ ಆ ದೇಶದ ಸತ್ಯಶೋಧನಾ ಆಯೋಗವೇ, ಈ ದತ್ತು ವ್ಯವಹಾರದಲ್ಲಿ ಮಾನವ ಹಕ್ಕುಗಳ ಉಲ್ಲಂಘನೆಯಾಗಿದೆ, ಸರ್ಕಾರ ಅದಕ್ಕೆ ಹೊಣೆ ಎಂದು ಹೇಳಿತು. ಅದೇ ಕೊರಿಯಾದ ಫಲವತ್ತತೆ ದರ 2023ರಲ್ಲಿ 0.72, 2024ರಲ್ಲಿ 0.75. ಲೋಕದಲ್ಲೇ ಅತಿ ಕೆಳಗಿನ ಮಟ್ಟಗಳಲ್ಲಿ ಇದೊಂದು. ಎರಡು ಲಕ್ಷ ಮಕ್ಕಳನ್ನು ಬೇಡವೆಂದು ವಿಮಾನ ಹತ್ತಿಸಿದ ನಾಡು ಇಂದು ಒಂದೊಂದು ಮಗುವಿಗೂ ಹಣ ಕೊಡುತ್ತೇನೆಂದು ಕರೆಯುತ್ತಿದೆ. ಕೊರಿಯಾದ ತೊಟ್ಟಿಲು ಬರಿದಾದದ್ದು ಆ ಒಂದು ಕಾರಣದಿಂದ ಅಲ್ಲ. ಮನೆಯ ಬೆಲೆ, ಶಾಲೆಯ ಖರ್ಚು, ಹೆಂಗಸರ ಮೇಲಿನ ದುಡಿಮೆಯ ಭಾರ ಎಲ್ಲವೂ ಸೇರಿವೆ. ಆದರೆ ಮಗುವಿಗಿಂತ ಮಾನ ದೊಡ್ಡದೆಂದು ಎಣಿಸುವ ಸಮಾಜದಲ್ಲಿ ತಾಯಿಯಾಗಲು ಹೆಣ್ಣು ಹಿಂಜರಿದರೆ ಆಶ್ಚರ್ಯವಿಲ್ಲ.

ಕಥೋಲಿಕರಾದ ನಾವು ಕೊರಿಯಾವನ್ನು ಮಾತ್ರ ತೋರಿಸಿ ಸುಮ್ಮನಾಗುವಂತಿಲ್ಲ. ಐರ್ಲೆಂಡಿನಲ್ಲಿ 1922ರಿಂದ 1998ರ ವರೆಗೆ ಅವಿವಾಹಿತ ತಾಯಂದಿರನ್ನು ಇರಿಸುತ್ತಿದ್ದ ಸಂಸ್ಥೆಗಳನ್ನು ಕುರಿತು ಒಂದು ಸರ್ಕಾರಿ ಆಯೋಗ 2021ರ ಜನವರಿಯಲ್ಲಿ ವರದಿ ಪ್ರಕಟಿಸಿತು. ತನಿಖೆಯಾದ 18 ಸಂಸ್ಥೆಗಳಲ್ಲಿ ಸುಮಾರು 56,000 ತಾಯಂದಿರು, 57,000 ಮಕ್ಕಳು ಇದ್ದರು. ಆ ಮಕ್ಕಳಲ್ಲಿ ಸುಮಾರು 9,000 ಮಂದಿ ಸತ್ತರು. ಅವುಗಳಲ್ಲಿ ಹಲವನ್ನು ನಡೆಸುತ್ತಿದ್ದವರು ನಮ್ಮದೇ ಧರ್ಮಸಭೆಯ ಕನ್ಯಾಸ್ತ್ರೀಯರು. ಇದನ್ನು ಬರೆಯುವಾಗ ನಮ್ಮ ಕೈ ಭಾರವಾಗುತ್ತದೆ. ಆದರೆ ಮುಚ್ಚಿಟ್ಟ ಗಾಯ ವಾಸಿಯಾಗುವುದಿಲ್ಲ.

ನಮ್ಮ ಬೆಟ್ಟದ ಹಳೆಯ ಪದ್ಧತಿ

ಇಷ್ಟು ದೂರ ಹೋಗಿ ಬಂದವರು ನಮ್ಮ ಮನೆಯ ಸುತ್ತ ಒಮ್ಮೆ ನೋಡಬೇಕು. ನಮ್ಮ ನೆರೆಯ ತೋಡರಲ್ಲಿ, ಹೆಣ್ಣು ಬಸುರಾಗಿ ಏಳನೆಯ ತಿಂಗಳ ಹೊತ್ತಿಗೆ ಗಂಡಸು ಅವಳಿಗೆ ಬಿಲ್ಲು ಬಾಣ ಕೊಡುವ ಶಾಸ್ತ್ರವಿತ್ತು. ರಿವರ್ಸ್ ಎಂಬ ಆಂಗ್ಲ ವಿದ್ವಾಂಸರು 1906ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಇದನ್ನು ವಿವರವಾಗಿ ಬರೆದಿದ್ದಾರೆ. ಬಿಲ್ಲು ಕೊಟ್ಟವನೇ ಹುಟ್ಟುವ ಮಗುವಿನ ತಂದೆ. ಬಡಗರಲ್ಲಿಯೂ ಹಿಂದಿನ ಕಾಲದಲ್ಲಿ ಹೆಂಡತಿ ಮೊದಲ ಬಸುರಿಯಾದಾಗ ಗಂಡ ನೆಂಟರ ಎದುರು ಮಾವನ ಒಪ್ಪಿಗೆ ಕೇಳಿ ಅವಳ ಕೊರಳಿಗೆ ನೂಲು ಹಾಕುವ ಕನ್ನಿ ಶಾಸ್ತ್ರ ನಡೆಯುತ್ತಿತ್ತು. ಅದಾದ ಮೇಲೆಯೇ ಮದುವೆ ಗಟ್ಟಿಯಾಯಿತು ಎಂಬ ಎಣಿಕೆ. ಆ ಪದ್ಧತಿಗಳಿಗೆ ಹಿಂದಿರುಗಿರಿ ಎಂದು ನಾವು ಹೇಳುತ್ತಿಲ್ಲ. ಆದರೆ ಅವುಗಳ ಒಳಗಿನ ನ್ಯಾಯವನ್ನು ನೋಡಿರಿ. ಊರಿನವರು ಮೊದಲು ಗಂಡಸನ್ನು ಕರೆದು ನಿಲ್ಲಿಸುತ್ತಿದ್ದರು. ಮಗು ಹುಟ್ಟುವ ಮೊದಲೇ ಅವನು ಎಲ್ಲರೆದುರು ಇದು ನನ್ನದು ಎನ್ನಬೇಕಿತ್ತು. ಇಂದು ನಾವು ಕರೆದು ನಿಲ್ಲಿಸುವುದು ಹುಡುಗಿಯನ್ನು ಮಾತ್ರ.

ತೋಡರಿಂದ ಕಲಿಯಬೇಕಾದ ಇನ್ನೊಂದು ಪಾಠ ಆರೋಗ್ಯದ್ದು. 1901ರ ಸುಮಾರಿಗೆ ಅವರು ಎಂಟುನೂರು ಮಂದಿ ಇದ್ದರು. ಅನಂತರ ಅವರ ಸಂಖ್ಯೆ ಕುಗ್ಗಿ, ಈ ಜನ ಅಳಿದೇ ಹೋಗುತ್ತಾರೆ ಎಂಬ ಭಯ ಹುಟ್ಟಿತ್ತು. ಹೊರಗಿನವರ ಸಂಪರ್ಕದಿಂದ ಬಂದ ಗುಹ್ಯರೋಗಗಳು ಹೆಂಗಸರ ಬಂಜೆತನಕ್ಕೆ ಒಂದು ದೊಡ್ಡ ಕಾರಣವಾಗಿದ್ದವು. ಔಷಧೋಪಚಾರ ಅವರ ಮಂದೆಗಳಿಗೆ ತಲುಪಿದ ಮೇಲೆ ಸಂಖ್ಯೆ ಚೇತರಿಸಿಕೊಂಡಿತು. ಒಂದು ಜನಾಂಗದ ತೊಟ್ಟಿಲು ಮತ್ತೆ ತುಂಬಿದ್ದು ಉಪದೇಶದಿಂದಲ್ಲ, ಚಿಕಿತ್ಸೆಯಿಂದ.

ಹುಡುಗನೆಲ್ಲಿ?

ಗುಡಲೂರಿನ ಆಚೆ ವಯನಾಡಿನಲ್ಲಿ, ಮುಖ್ಯವಾಗಿ ತಿರುನೆಲ್ಲಿ ಭಾಗದಲ್ಲಿ, ಆದಿವಾಸಿ ಅವಿವಾಹಿತ ತಾಯಂದಿರ ಗೋಳು ಹಲವು ದಶಕಗಳಿಂದ ಸುದ್ದಿಯಲ್ಲಿದೆ. ಹೊರಗಿನಿಂದ ಬಂದ ಗಂಡಸರು ಮದುವೆಯ ಆಸೆ ತೋರಿಸಿ ಅಥವಾ ಬಡತನವನ್ನು ಉಪಯೋಗಿಸಿಕೊಂಡು ಕೈಕೊಟ್ಟು ಹೋದರು. ಕೇರಳ ಸರ್ಕಾರ ಅಂಥ ತಾಯಂದಿರಿಗಾಗಿ ಸ್ನೇಹಸ್ಪರ್ಶಂ ಎಂಬ ಮಾಸಿಕ ನೆರವಿನ ಯೋಜನೆಯನ್ನೇ ತರಬೇಕಾಯಿತು. ಇದನ್ನು ಪಾಶ್ಚಾತ್ಯ ಸಂಸ್ಕೃತಿಯ ಪ್ರಭಾವ ಎನ್ನಲಾಗುವುದೇ? ಇದು ಬಲವಂತ ಬಡವಳಿಗೆ ಮಾಡಿದ ಅನ್ಯಾಯ. ದೂರದ ರಾಜ್ಯಗಳಿಂದ ನಮ್ಮ ತೋಟಗಳ ಲೈನು ಮನೆಗಳಿಗೆ ಬಂದಿರುವ ಹೆಣ್ಣುಮಕ್ಕಳಿಗೂ ಇದೇ ಅಪಾಯವಿದೆ. ಅವರಿಗೆ ಭಾಷೆ ಬಾರದು, ಹತ್ತಿರದಲ್ಲಿ ತವರಿಲ್ಲ. ತೋಟದ ಯಜಮಾನರು ಇದನ್ನು ಮರೆಯಬಾರದು.

ನಮ್ಮ ಮನೆಗಳಲ್ಲಿಯೂ ಒಂದು ಕೆಟ್ಟ ರೂಢಿಯಿದೆ. ತಪ್ಪಿನಲ್ಲಿ ಇಬ್ಬರ ಪಾಲಿದ್ದರೂ ಹುಡುಗನನ್ನು ರಾತ್ರೋರಾತ್ರಿ ಊರು ಬಿಡಿಸುತ್ತಾರೆ, ವರ್ಷ ಕಳೆಯುವುದರೊಳಗೆ ಬೇರೆ ಕಡೆ ಹೆಣ್ಣು ನೋಡುತ್ತಾರೆ. ಹುಡುಗಿಗೆ ಉಳಿಯುವುದು ಹೊಟ್ಟೆಯೊಳಗಿನ ಮಗು ಮತ್ತು ಊರ ಬಾಯಿ. ಕಾನೂನು ಹೇಳುವುದು ಬೇರೆ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಿನಂತೆ ಮದುವೆಯಾಚೆ ಹುಟ್ಟಿದ ಮಗುವಿಗೂ ತಂದೆಯಿಂದ ಜೀವನಾಂಶ ಪಡೆಯುವ ಹಕ್ಕಿದೆ. ಹಿಂದಿನ ಕಾನೂನಿನಲ್ಲಿಯೂ ಇದು ಇತ್ತು. ನೆರವೇರಿಸುವ ಮನಸ್ಸಿಲ್ಲದೆ ಮದುವೆಯ ಮಾತು ಕೊಟ್ಟು ಕೂಡುವುದು ಭಾರತೀಯ ನ್ಯಾಯ ಸಂಹಿತೆಯ 69ನೆಯ ಕಲಮಿನಂತೆ ಶಿಕ್ಷಾರ್ಹ. ಹುಡುಗಿಗೆ 18 ತುಂಬಿರದಿದ್ದರೆ ಅವಳ ಒಪ್ಪಿಗೆಯ ಮಾತೇ ಬರುವುದಿಲ್ಲ. 2012ರ ಪೋಕ್ಸೊ ಕಾಯಿದೆಯ ಪ್ರಕಾರ ಅವಳ ಮೇಲೆ ಅಪರಾಧ ನಡೆದಿದೆ, ಅವಳು ಅಪರಾಧಿಯಲ್ಲ. ಗಂಡುಮಕ್ಕಳ ತಂದೆತಾಯಿ ಇದನ್ನು ಮನೆಯಲ್ಲಿ ಬಿಡಿಸಿ ಹೇಳಬೇಕು.

ಮುಚ್ಚಿಟ್ಟ ಬಸುರಿನ ಅಪಾಯ

ಆರೋಗ್ಯದ ದೃಷ್ಟಿಯಿಂದ ನಮ್ಮ ದೊಡ್ಡ ಚಿಂತೆ ಇದು. ಹೆದರಿದ ಹುಡುಗಿ ಹೊಟ್ಟೆಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡು, ಎಂದಿನಂತೆ ಎಲೆ ಚೀಲ ಹೊತ್ತುಕೊಂಡು ಇಳಿಜಾರು ಹತ್ತುತ್ತಾಳೆ. ಔಷಧಿ ಸಿಂಪಡಿಸುವ ಸಾಲಿನಲ್ಲಿಯೂ ನಿಲ್ಲುತ್ತಾಳೆ. ಆಸ್ಪತ್ರೆಯ ಮುಖ ನೋಡುವುದಿಲ್ಲ. ಯಾರೋ ಕೊಟ್ಟ ಗುಳಿಗೆ ನುಂಗಿ ರಕ್ತಸ್ರಾವದಿಂದ ಪ್ರಾಣಕ್ಕೆ ಕುತ್ತು ತಂದುಕೊಳ್ಳುವುದೂ ಉಂಟು. ಅವಿವಾಹಿತೆಯ ಹೆರಿಗೆ ಅಪಾಯಕಾರಿಯಾಗುವುದು ತಾಳಿ ಇಲ್ಲದ್ದರಿಂದ ಅಲ್ಲ, ಆರೈಕೆ ಇಲ್ಲದ್ದರಿಂದ. ಆದ್ದರಿಂದ ತಾಯಂದಿರು ಕೆಳಗಿನ ವಿಷಯಗಳನ್ನು ತಿಳಿದಿರಬೇಕು.

1. ಮೂರು ತಿಂಗಳು ತುಂಬುವುದರೊಳಗೆ ಗ್ರಾಮ ಆರೋಗ್ಯ ನರ್ಸಿನ ಬಳಿ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಬೇಕು. ತಮಿಳುನಾಡಿನಲ್ಲಿ ಆಗ ಸಿಗುವ ಪಿಕ್ಮಿ ನಂಬರು ಮುಂದೆ ಜನನ ಪತ್ರಕ್ಕೂ ಬೇಕಾಗುತ್ತದೆ.

2. ಹೆರಿಗೆಯ ಮುಂಚೆ ಕನಿಷ್ಠ ನಾಲ್ಕು ಸಲ ತಪಾಸಣೆ ಆಗಬೇಕು. ರಕ್ತದಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ನಾಲ್ಕನೆಯ ತಿಂಗಳಿಂದ ದಿನಕ್ಕೊಂದು ಕಬ್ಬಿಣಾಂಶದ ಮಾತ್ರೆಯನ್ನು ಕನಿಷ್ಠ 180 ದಿನ ನುಂಗಬೇಕು. ಮಾತ್ರೆ ನುಂಗಿದ ಕೂಡಲೇ ಟೀ ಕುಡಿಯಬಾರದು, ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ.

3. ಬಸುರಿಯನ್ನು ಸಿಂಪಡಣೆಯ ಕೆಲಸಕ್ಕೆ, ಭಾರ ಹೊರುವುದಕ್ಕೆ ಹಚ್ಚಬಾರದು. ಇದು ಮದುವೆಯಾದವಳಿಗೂ ಆಗದವಳಿಗೂ ಒಂದೇ ನಿಯಮ.

4. ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು. ಅವಸರಕ್ಕೆ 108. ಹೆಣ್ಣುಮಕ್ಕಳ ಸಂಕಟಕ್ಕೆ 181, ಮಕ್ಕಳ ರಕ್ಷಣೆಗೆ 1098.

5. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ತಂದೆಯ ಹೆಸರಿಲ್ಲವೆಂದು ಹೆದರಬೇಕಾಗಿಲ್ಲ. 2015ರ ಜುಲೈ 6ರಂದು ಸುಪ್ರೀಂ ಕೋರ್ಟು, ಕ್ರೈಸ್ತ ತಾಯಿಯೊಬ್ಬರ ಮೊಕದ್ದಮೆಯಲ್ಲಿ, ಅವಿವಾಹಿತ ತಾಯಿ ತಂದೆಯ ಹೆಸರು ಹೇಳದೆಯೇ ಮಗುವಿನ ಪೋಷಕಿಯಾಗಬಹುದು, ಅವಳ ಪ್ರಮಾಣಪತ್ರದ ಮೇಲೆ ಜನನ ಪತ್ರ ಕೊಡಬೇಕು ಎಂದು ತೀರ್ಪಿತ್ತಿದೆ.

6. ಸಾಕಲು ಆಗುವುದೇ ಇಲ್ಲವೆಂದಾದರೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಮಗುವನ್ನು ಒಪ್ಪಿಸಬಹುದು. ಮನಸ್ಸು ಬದಲಾದರೆ ಎರಡು ತಿಂಗಳೊಳಗೆ ಹಿಂದಕ್ಕೆ ಪಡೆಯಲು ಅವಕಾಶವಿದೆ. ದಲ್ಲಾಳಿಯ ಮೂಲಕ, ಕೈಯಿಂದ ಕೈಗೆ ಮಗುವನ್ನು ಕೊಡುವುದು ಅಪರಾಧ. ಕೊಡಿಸುವವರು ಎಂಥ ಒಳ್ಳೆಯವರಾಗಿದ್ದರೂ ಬೇಡ.

ಧರ್ಮಸಭೆಯ ಬಾಗಿಲು

2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು, ಗರ್ಭಪಾತದ ಕಾಯಿದೆಯಲ್ಲಿ ವಿವಾಹಿತೆ ಅವಿವಾಹಿತೆ ಎಂಬ ಭೇದ ಕೂಡದು ಎಂದಿತು. ಗರ್ಭದಲ್ಲಿರುವ ಜೀವವನ್ನು ತೆಗೆಯಬಾರದು ಎಂಬ ಧರ್ಮಸಭೆಯ ಬೋಧನೆಯನ್ನು ನೀವೆಲ್ಲರೂ ಬಲ್ಲಿರಿ. ಆದರೆ ಆ ಬೋಧನೆಗೆ ಬೆಲೆ ಬರಬೇಕಾದರೆ ಒಂದು ಷರತ್ತಿದೆ. ಹೆರು ಎಂದು ಹೇಳಿದವರು ಹೆತ್ತ ಮೇಲೆ ಬಾಗಿಲು ಹಾಕಬಾರದು. ಹುಡುಗಿಯ ಮುಂದೆ ಒಂದು ದಾರಿ ಗುಟ್ಟಿನದು, ಇನ್ನೊಂದು ದಾರಿ ಜೀವನಪರ್ಯಂತ ಅವಮಾನದ್ದು ಎಂದಾದರೆ ಅವಳು ಗುಟ್ಟಿನ ದಾರಿ ಹಿಡಿದಾಳು. ಎರಡನೆಯ ದಾರಿಯಲ್ಲಿ ಮುಳ್ಳು ಹಾಕುವವರು ನಾವು ನೀವೇ ಅಲ್ಲವೇ?

1917ರ ಧರ್ಮಸಭಾ ಕಾನೂನು ಮದುವೆಯಾಚೆ ಹುಟ್ಟಿದವನು ಗುರುವಾಗಲು ತಡೆಯೊಡ್ಡಿತ್ತು. 1983ರ ಕಾನೂನು ಆ ತಡೆಯನ್ನು ತೆಗೆದುಹಾಕಿತು. 2012ರಲ್ಲಿ ಅರ್ಜೆಂಟೀನಾದ ಕಾರ್ಡಿನಲ್ ಬೆರ್ಗೋಲಿಯೋ ಅವರು, ಒಂಟಿ ತಾಯಂದಿರ ಮಕ್ಕಳಿಗೆ ಜ್ಞಾನಸ್ನಾನ ನಿರಾಕರಿಸುವ ಗುರುಗಳನ್ನು ಕಪಟಿಗಳೆಂದು ಬಹಿರಂಗವಾಗಿ ಖಂಡಿಸಿದರು. ಮರುವರ್ಷವೇ ಅವರು ಜಗದ್ಗುರು ಫ್ರಾನ್ಸಿಸರಾದರು. ಮತ್ತಾಯನು ಬರೆದ ಯೇಸುವಿನ ವಂಶಾವಳಿಯನ್ನು ನಿಧಾನವಾಗಿ ಓದಿರಿ. ಅಲ್ಲಿ ತಾಮಾರಳ ಹೆಸರಿದೆ, ರಾಹಾಬಳ ಹೆಸರಿದೆ. ಶುಭಸಂದೇಶಕಾರನು ಅವರನ್ನು ಬಚ್ಚಿಡಲಿಲ್ಲ.

ನಮ್ಮ ಈ ಮಾತುಗಳಿಂದ ಮದುವೆಯ ಪಾವಿತ್ರ್ಯಕ್ಕೆ ಕುಂದು ಎಂದು ಕೆಲವರು ಹೇಳಬಹುದು. ಹಾಗಲ್ಲ. ಮಗು ತಂದೆತಾಯಿ ಇಬ್ಬರ ನೆರಳಿನಲ್ಲಿ ಬೆಳೆಯುವುದೇ ಒಳ್ಳೆಯದು ಎಂಬುದನ್ನು ನಾವು ಪ್ರತಿ ಮದುವೆ ಪೂಜೆಯಲ್ಲೂ ಬೋಧಿಸುತ್ತೇವೆ. ಮದುವೆಯನ್ನು ಉಳಿಸಬೇಕಾದರೆ ಮೊದಲು ಮದುವೆಯ ಖರ್ಚನ್ನು ಇಳಿಸಿರಿ, ಒಪ್ಪಿದ ಜೋಡಿಯನ್ನು ಜಾತಿ ಅಂತಸ್ತಿನ ನೆಪದಿಂದ ವರ್ಷಗಟ್ಟಲೆ ಕಾಯಿಸಬೇಡಿರಿ, ಹೊಲದಲ್ಲಿ ದುಡಿಯುವ ಹುಡುಗನನ್ನು ಕೀಳಾಗಿ ಕಾಣಬೇಡಿರಿ, ಎಲೆಗೆ ನ್ಯಾಯವಾದ ಬೆಲೆಗಾಗಿ ಒಟ್ಟಾಗಿ ನಿಲ್ಲಿರಿ. ನಮ್ಮ ಬೆಟ್ಟದಲ್ಲಿ ಮಕ್ಕಳ ಸಂಖ್ಯೆ ಕುಗ್ಗಿರುವುದು ಇಂಥ ಕಾರಣಗಳಿಂದ. ಒಬ್ಬ ಹುಡುಗಿಯನ್ನು ಪೂಜೆಯಿಂದ ದೂರ ಇಟ್ಟ ಮಾತ್ರಕ್ಕೆ ಯಾವ ಮದುವೆಯೂ ಗಟ್ಟಿಯಾಗುವುದಿಲ್ಲ.

ದೇಶದ ಜನನ ದರವನ್ನು ಏರಿಸುವುದು ಇಳಿಸುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಧರ್ಮಕೇಂದ್ರದ ಗಡಿಯೊಳಗೆ ಹುಟ್ಟುವ ಮಗುವನ್ನು ಹೇಗೆ ಬರಮಾಡಿಕೊಳ್ಳುತ್ತೇವೆ ಎಂಬುದು ನಮ್ಮ ಕೈಯಲ್ಲಿದೆ. ಅಂಥ ಕಷ್ಟದಲ್ಲಿರುವ ಹುಡುಗಿಯೂ ಅವಳ ತಾಯಿಯೂ ಯಾವ ಹೊತ್ತಿನಲ್ಲಾದರೂ ಗುರುಮನೆಗೆ ಬರಬಹುದು. ಹೇಳಿದ ಮಾತು ಗುಟ್ಟಾಗಿಯೇ ಇರುತ್ತದೆ, ಆಸ್ಪತ್ರೆಗೆ ಜೊತೆಗೆ ಹೋಗಲು ನಂಬಿಕೆಯ ಹೆಂಗಸರು ಸಿಗುತ್ತಾರೆ. ಮಗುವಿನ ಜ್ಞಾನಸ್ನಾನ ಬೇರೆ ಮಕ್ಕಳ ಜ್ಞಾನಸ್ನಾನದಂತೆ ಭಾನುವಾರವೇ, ಎಲ್ಲರ ಎದುರಿನಲ್ಲೇ ನಡೆಯುವುದು. ಆ ದಿನ ಮುಂದಿನ ಸಾಲುಗಳು ಖಾಲಿ ಇರದಂತೆ ನೋಡಿಕೊಳ್ಳುವುದು ನಿಮ್ಮ ಪಾಲಿನ ಕೆಲಸ.